ಹಾಸಿಗೆಯ ಕೆಳಗಿದ್ದ ಏಳು ಸಾಲು

ನನ್ನ ಬೆನ್ನೆಲುಬಿಗೆ ಕ್ಷಯ ತಗುಲಿರಬಹುದೆಂಬ ಸುಳಿವು ಐದು ತಿಂಗಳ ಕಾಲ ನನ್ನ ಮನೆಯಲ್ಲೇ, ನಾನು ದಿನವೂ ಮಲಗುತ್ತಿದ್ದ ಹಾಸಿಗೆಯ ಕೆಳಗೇ ಇತ್ತು. ಒಬ್ಬ ನುರಿತ ವೈದ್ಯರು ಅದನ್ನು ಕಂಡಿದ್ದರು, ಸ್ಪಷ್ಟವಾಗಿ ಬರೆಸಿದ್ದರು, ಕೆಳಗೆ ಸಹಿಯನ್ನೂ ಹಾಕಿದ್ದರು. ತರಿಸಿಕೊಂಡ ವೈದ್ಯರು ಅದನ್ನು ಓದಲಿಲ್ಲ. ಹೊತ್ತು ತಂದ ನಾನೂ ಓದಲಿಲ್ಲ. ಇಂದು ನಾನು ಖಾನಾಪುರದ ಮನೆಯಿಂದ ಶಾಲೆಗೆ ನಡೆದೇ ಹೋಗುತ್ತೇನೆ. ಆದ್ದರಿಂದ ಇದನ್ನು ಗೋಳಾಗಿ ಬರೆಯುವ ಅಗತ್ಯ ನನಗಿಲ್ಲ. ಆದರೆ ನಡೆದ ತಪ್ಪುಗಳನ್ನು ಒಂದೊಂದಾಗಿ ಹೆಸರಿಸದಿದ್ದರೆ, ಪ್ಲಾಸ್ಟರಿನಲ್ಲಿ ಮಲಗಿ ಮಾಡಿನ ಹಂಚು ನೋಡುತ್ತಿರುವ ಇನ್ನೊಬ್ಬಾಕೆ ತನ್ನ ಹಣೆಬರಹವನ್ನು ಹಳಿಯುತ್ತಾ ಉಳಿದಾಳು. ಹಾಗಾಗಬಾರದೆಂದೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಖಾನಾಪುರದ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ಪತಿ ಈರಣ್ಣ ಬೆಳಗಾವಿ ಹತ್ತಿರದ ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ ನೀಲವ್ವ. ಶಾಲೆ ಬಿಟ್ಟ ಮೇಲೆ ನಾನು ಜಾಂಬೋಟಿ ರಸ್ತೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವ ಕೂಟಗಳನ್ನು ನಡೆಸುತ್ತಿದ್ದೆ. ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ; ಹಲಗೆಯ ಮೇಲೆ ಎರಡು ಲಿಪಿಯನ್ನೂ ಬರೆಯುತ್ತಿದ್ದೆ. ಪ್ರತಿ ಕೂಟದ ಕೊನೆಗೆ ಹೇಳುತ್ತಿದ್ದದ್ದು ಒಂದೇ ಮಾತು: ಯಾರೇ ಕಾಗದ ಕೊಡಲಿ, ಕೊನೆಯ ಸಾಲಿನವರೆಗೆ ಓದದೆ, ಇಲ್ಲವೇ ಓದಿಸಿಕೊಳ್ಳದೆ, ಹೆಬ್ಬೆಟ್ಟು ಒತ್ತಬೇಡಿ. ಈ ಮಾತನ್ನು ಇಲ್ಲಿ ನೆನೆಯುವುದು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುವುದಕ್ಕಾಗಿ.

ಆ ವರ್ಷ ಮಳೆ ಹಿಂಜರಿಯುವ ಹೊತ್ತಿಗೆ ನನಗೆ ಸಂಜೆಯ ಜ್ವರ ಶುರುವಾಯಿತು. ಒಣ ಕೆಮ್ಮು ಇತ್ತು. ಎದೆಯ ಸುತ್ತ, ಪಕ್ಕೆಲುಬುಗಳ ಮೇಲೆ ಹಗ್ಗ ಬಿಗಿದಂಥ ನೋವು. ಬೆನ್ನು ಬಗ್ಗುತ್ತಿರಲಿಲ್ಲ. ಕೈಯಿಂದ ಸೀಮೆಸುಣ್ಣ ಜಾರಿದರೆ ಬೆನ್ನನ್ನು ನೆಟ್ಟಗಿಟ್ಟು, ಮೊಣಕಾಲು ಮಡಿಸಿ, ಕುಕ್ಕರುಗಾಲಲ್ಲಿ ಕೂತು ಎತ್ತಿಕೊಳ್ಳುತ್ತಿದ್ದೆ. ನನ್ನ ವಿದ್ಯಾರ್ಥಿನಿಯರು ಅದನ್ನು ಬಿಡುವಿನ ವೇಳೆಯಲ್ಲಿ ಅಣಕಿಸಿ ಆಡುವುದನ್ನು ಕಂಡು ನಾನೂ ನಕ್ಕಿದ್ದೆ. ಮುಂದೆ ಎಲುಬಿನ ವೈದ್ಯರೊಬ್ಬರು ಹೇಳಿದರು, ಆ ಮಕ್ಕಳು ಅಣಕಿಸಿದ್ದು ನನ್ನ ಕಾಯಿಲೆಯ ಮೊದಲ ಲಕ್ಷಣವನ್ನೇ ಎಂದು.

ಖಾನಾಪುರದಲ್ಲಿ ನಮ್ಮ ಓಣಿಗೆಲ್ಲ ಒಬ್ಬರೇ ವೈದ್ಯರು. ಒಳ್ಳೆಯವರು, ಮಳೆಗಾಲದಲ್ಲಿ ಹಳ್ಳ ದಾಟಿ ಬಾಣಂತಿಯರನ್ನು ನೋಡಲು ಹೋದವರು. ಅವರ ದವಾಖಾನೆಯಲ್ಲಿ ಮಧ್ಯಾಹ್ನದೊಳಗೆ ನಲವತ್ತು ಜನ. ನನ್ನ ಕೆಮ್ಮು ಕೇಳಿದರು, ಎದೆಗೆ ಕೊಳವೆ ಇಟ್ಟರು. ಬೆನ್ನೂ ನೋಯುತ್ತದೆ ಎಂದೆ. ಪಾಟಿ-ಪುಸ್ತಕದ ಚೀಲ ಹೊತ್ತು ಹಳ್ಳಿ ತಿರುಗಿದರೆ ನೋಯದೆ ಇರುತ್ತದೆಯೇ ಎಂದು ನಕ್ಕರು. ಬೆಳಗಾವಿಗೆ ಹೋಗಿ ಕ್ಷ-ಕಿರಣ ಚಿತ್ರ ತೆಗೆಸಿಕೊಂಡು ಬರಲು ಚೀಟಿ ಬರೆದರು. ಅದರಲ್ಲಿ ನನ್ನ ಹೆಸರು, ವಯಸ್ಸು, ಮತ್ತು ‘ಎದೆ’ ಎಂಬ ಒಂದೇ ಪದ ಇತ್ತು. ಜ್ವರದ ಮಾತಿಲ್ಲ, ಬೆನ್ನಿನ ಮಾತಿಲ್ಲ, ಏಕೆ ತೆಗೆಸುತ್ತಿದ್ದಾರೆಂಬ ಮಾತೂ ಇಲ್ಲ. ಮೊದಲ ತಪ್ಪು ಅದು. ಪ್ರಶ್ನೆ ಕೇಳದೆ ಉತ್ತರ ತರಿಸುವ ಪದ್ಧತಿ.

ಬೆಳಗಾವಿಯ ಆ ಕೇಂದ್ರದ ಹೆಸರು ಬರೆಯುವುದಿಲ್ಲ. ಆಗ ಎಲ್ಲ ಕಡೆಯೂ ಇದೇ ಪದ್ಧತಿ ಇತ್ತೆಂದು ಆಮೇಲೆ ತಿಳಿಯಿತು. ಕಾಯುವ ಕೋಣೆಯಲ್ಲಿ ಉದ್ದನೆಯ ಎರಡು ಬೆಂಚು. ನನ್ನ ಪಕ್ಕದಲ್ಲಿ ಸಾಂಬ್ರಾದಿಂದ ಬಂದಿದ್ದ ಅಕ್ಕತಂಗಿಯರು; ಅಕ್ಕನ ಚಿತ್ರ ತೆಗೆಸಲು ಬಂದಿದ್ದರೂ ತಂಗಿಯೇ ಹೆಚ್ಚು ನಡುಗುತ್ತಿದ್ದಳು. ಎಲ್ಲ ಹೆಂಗಸರಿಗೂ ಸೇರಿ ಒಂದೇ ನಿಲುವಂಗಿ, ಅದರ ಹಿಂದಿನ ಲಾಡಿ ಹರಿದಿತ್ತು. ಒಳಗೆ ಹೋದವಳು ಹೊರಬಂದು ಅದನ್ನು ಮುಂದಿನವಳಿಗೆ ತೊಡಿಸಿ, ಬೆನ್ನ ಹಿಂದೆ ಪಿನ್ನು ಚುಚ್ಚಿ ಕಳಿಸಬೇಕು. ಸಾಂಬ್ರಾದ ಆ ಅಕ್ಕ ನನಗೆ ಪಿನ್ನು ಚುಚ್ಚುವಾಗ ಬೆರಳನ್ನು ಬಟ್ಟೆಯ ಒಳಗಡೆ ಹಿಡಿದಿದ್ದಳು, ಮೊನೆ ನನಗೆ ತಾಗದಿರಲೆಂದು. ಆ ಬೆರಳಿನ ಬಿಸುಪು ನನಗಿನ್ನೂ ನೆನಪಿದೆ.

ವರದಿಯನ್ನು ಕೊಡುವವನು ಅಲ್ಲಿನ ಕಾರಕೂನ, ಪಾಂಡುರಂಗ. ಸೌಮ್ಯ ಮನುಷ್ಯ. ಸಂಜೆ ನಾಲ್ಕಕ್ಕೆ ಅವನು ಚಿತ್ರವನ್ನೂ, ಟೈಪು ಮಾಡಿ ಮಡಚಿದ ವರದಿಯನ್ನೂ ದೊಡ್ಡ ಕವರಿಗೆ ಸೇರಿಸಿ, ಮೇಲೊಂದು ಗುಲಾಬಿ ಬಣ್ಣದ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚುವುದನ್ನು ನೋಡಿ, ಅದೇನೆಂದು ಕೇಳಿದೆ.

“ಫೋಟೊ ನೋಡಿ ರಿಪೋರ್ಟ್ ಬರಿಯೂ ದೊಡ್ಡ ಸಾಹೇಬ್ರು ಕಂಡದ್ದೆಲ್ಲಾ ಬರೀತಾರ್ರಿ ಬಾಯಿ. ಡಾಕ್ಟರ ಮಂದಿ ಬೈತಾರ, ಇಷ್ಟುದ್ದ ಯಾರು ಓದಬೇಕಂತ. ಅದಕ್ಕ ನಾನ ಕಡೀ ಸಾಲ ತಗದು ಮ್ಯಾಲ ಹಚ್ಚತೀನಿ. ಕವರ್ ಬಿಚ್ಚೂದ ಬ್ಯಾಡ, ಕೆಲಸ ಆತು.”

ಅವನ ಮುಖದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿ ಇತ್ತು. ಅವನ ಜಾಣತನವನ್ನು ನಾನು ಮೆಚ್ಚಿಕೊಂಡೆ. ನಮ್ಮ ಶಾಲೆಯ ಕಚೇರಿಗೂ ಇಂಥವನೊಬ್ಬ ಬೇಕೆಂದು ಹೇಳಿಯೂ ಬಂದೆ. ಚೀಟಿಯಲ್ಲಿ ಇದ್ದದ್ದು ಇಷ್ಟು: ಶ್ವಾಸಕೋಶಗಳಲ್ಲಿ ದೋಷ ಕಾಣುವುದಿಲ್ಲ.

ಮರುದಿನ ಖಾನಾಪುರದ ವೈದ್ಯರು ಆ ಚೀಟಿಯನ್ನು ಓದಿ, ಕಿತ್ತು, ನನ್ನ ಕೇಸ್ ಪೇಪರಿಗೆ ಅಂಟಿಸಿದರು. “ಎದಿ ಸ್ವಚ್ಛ ಐತಿ ಅಕ್ಕೋರ,” ಎಂದರು. ಕವರನ್ನು ನನಗೇ ಮರಳಿಸಿ, ಚಿತ್ರ ಮಡಚಿಕೊಳ್ಳದಂತೆ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಡಬೇಕೆಂದು ತಿಳಿಸಿದರು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹಾಗೆಯೇ ಇಡುತ್ತಿದ್ದರು. ನಾನೂ ಹಾಗೆಯೇ ಇಟ್ಟೆ. ಕವರು ತೆರೆದೇ ಇತ್ತು. ವರದಿ ಇಂಗ್ಲಿಷಿನಲ್ಲಿದ್ದರೂ ನನಗೆ ಓದಲು ಬರುತ್ತಿತ್ತು. ಓದಬೇಕೆಂದು ನನಗೆ ಅನ್ನಿಸಲೇ ಇಲ್ಲ. ಬೇಕಾದ ಉತ್ತರ ಸಿಕ್ಕಿಬಿಟ್ಟಿತ್ತು.

ಆ ಒಂದು ಸಾಲು ನಮಗೆಲ್ಲ ಎಷ್ಟು ಬೇಕಾಗಿತ್ತೆಂಬುದನ್ನೂ ಹೇಳಬೇಕು. ಸಂಜೆಯ ಜ್ವರ, ಕೆಮ್ಮು ಎಂದೊಡನೆ ಓಣಿಯಲ್ಲಿ ‘ಕ್ಷಯ’ ಎಂಬ ಪಿಸುಮಾತು ಹುಟ್ಟಿತ್ತು. ಪಕ್ಕದ ಮನೆಯಾಕೆ ತನ್ನ ಮಗಳನ್ನು ನನ್ನ ಹತ್ತಿರ ಪಾಠಕ್ಕೆ ಕಳಿಸುವುದನ್ನು ನಿಲ್ಲಿಸಿದ್ದಳು. ಅತ್ತೆ ಆ ಸಾಲನ್ನು ಬಾಯಿಪಾಠ ಮಾಡಿ ನೆಂಟರಿಗೆ, ನೀರಿನ ಸರದಿಯಲ್ಲಿ ನಿಂತವರಿಗೆ, ಮಠಕ್ಕೆ ಬಂದವರಿಗೆ ಹೇಳಿದರು. ನಾನೂ ಕೂಟದಲ್ಲಿ ಎದ್ದುನಿಂತು, ನನ್ನ ಎದೆಯಲ್ಲಿ ಯಾವ ದೋಷವೂ ಇಲ್ಲವೆಂದು ಸಾರಿದೆ. ಚಿಕ್ಕ ವರದಿ ಬೇಗ ಊರು ಸುತ್ತುತ್ತದೆ. ಏಳು ಸಾಲಿನ ವರದಿಯನ್ನು ನೀರಿನ ಸರದಿಯಲ್ಲಿ ಯಾರೂ ಹೇಳಲಾರರು.

ಆಮೇಲಿನ ತಿಂಗಳುಗಳಲ್ಲಿ ನಾನು ಸೊರಗುತ್ತಾ ಹೋದೆ. ಎದೆ ಸ್ವಚ್ಛವಾಗಿದ್ದರಿಂದ ನನ್ನ ನೋವಿಗೆ ಬೇರೆ ಕಾರಣ ಹುಡುಕಬೇಕಾಗಿತ್ತು. ಸಿಕ್ಕಿದ್ದು ನನ್ನ ನಡತೆ. ಕೇಸ್ ಪೇಪರಿನಲ್ಲಿ ‘ನರದೌರ್ಬಲ್ಯ’ ಎಂದು ಬರೆದರು. ಸಭೆ, ಕೂಟ ಕಡಿಮೆ ಮಾಡಿ ಮನೆಯಲ್ಲಿ ಸಮಾಧಾನದಿಂದಿರಲು ಸಲಹೆ ಬಂತು. ಅದೇ ಬೆನ್ನುನೋವಿನೊಂದಿಗೆ ಈರಣ್ಣ ಹೋಗಿದ್ದರೆ ಅವರ ಬೆನ್ನನ್ನು ಮುಟ್ಟಿ ನೋಡುತ್ತಿದ್ದರು. ನನ್ನ ಬೆನ್ನನ್ನು ಯಾರೂ ಮುಟ್ಟಲಿಲ್ಲ. ಹೆಂಗಸಿನ ನೋವನ್ನು ಅವಳ ಸ್ವಭಾವದ ಲೆಕ್ಕಕ್ಕೆ ಬರೆಯುವುದು ವೈದ್ಯಶಾಸ್ತ್ರವಲ್ಲ, ರೂಢಿ. ಇದನ್ನು ನಾನು ಅಂದೇ ಹೇಳಬೇಕಿತ್ತು. ಬೇರೆಯವರಿಗಾಗಿ ಎಷ್ಟೋ ಕಚೇರಿಗಳಲ್ಲಿ ದನಿ ಎತ್ತಿದವಳು ನನಗಾಗಿ ಎತ್ತಲಿಲ್ಲ.

ಚೈತ್ರದ ಒಂದು ಬೆಳಿಗ್ಗೆ ಖಾನಾಪುರದ ರೈಲು ನಿಲ್ದಾಣದ ಹತ್ತಿರ ನಡೆಯುತ್ತಿದ್ದೆ. ಹಿಂದಿನಿಂದ ಸೊಪ್ಪು ಮಾರುವಾಕೆ ನನ್ನ ಚಪ್ಪಲಿ ಹಿಂದೆ ಉಳಿಯಿತೆಂದು ಮರಾಠಿಯಲ್ಲಿ ಕೂಗಿದಳು: “ಓ ಬಾಯಿ, ಚಪ್ಪಲ್ ರಾಹಿಲೀ ತುಮಚೀ.” ತಿರುಗಿ ನೋಡಿದರೆ ಇಪ್ಪತ್ತು ಹೆಜ್ಜೆ ಹಿಂದೆ, ಮಣ್ಣಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಇಪ್ಪತ್ತು ಹೆಜ್ಜೆ ನಾನು ಬರಿಗಾಲಲ್ಲಿ ಜಲ್ಲಿಯ ಮೇಲೆ ನಡೆದಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಅಂಗಾಲು ನೋಡಿಕೊಂಡೆ, ರಕ್ತ ಬಂದಿತ್ತು. ನೋವಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಕಾಲು ಹೋದರೆ ನನ್ನ ಶಾಲೆ, ನನ್ನ ಹಳ್ಳಿಗಳು, ನನ್ನದೆನ್ನುವ ಎಲ್ಲವೂ ಹೋಗುತ್ತಿದ್ದವು.

ಅದೇ ವಾರ ಬೆಳಗಾವಿಯ ದೊಡ್ಡ ಆಸ್ಪತ್ರೆಯ ಎಲುಬಿನ ವಿಭಾಗಕ್ಕೆ ಹೋದೆವು. ಅಷ್ಟರಲ್ಲಿ ಗೋಡೆ ಹಿಡಿಯದೆ ನಡೆಯಲಾಗುತ್ತಿರಲಿಲ್ಲ. ಹಳೆಯ ಫೋಟೊ ಏನಿದ್ದರೂ ತೆಗೆದುಕೊಳ್ಳಬೇಕೆಂದು ಹೊರಡುವಾಗ ಹಾಸಿಗೆ ಎತ್ತಿ ಕವರನ್ನು ತಂದವರು ಅತ್ತೆ. ಆ ಎಲುಬಿನ ವೈದ್ಯರು ಎಳೆಯ ವಯಸ್ಸಿನವರು, ಮಾತು ಕಡಿಮೆ. ನನ್ನ ಬೆನ್ನನ್ನು ಬೆರಳಿನಿಂದ ಒಂದೊಂದೇ ಗಂಟಾಗಿ ತಟ್ಟುತ್ತಾ ಇಳಿದರು. ಒಂದು ಜಾಗಕ್ಕೆ ಬಂದಾಗ ನನ್ನ ಬಾಯಿಂದ ತಾನಾಗಿ ದನಿ ಹೊರಟಿತು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕವರಿನೊಳಗೆ ಕೈ ಹಾಕಿ ಮಡಚಿದ ಕಾಗದ ಬಿಡಿಸಿದರು. ಕಾಗದದ ಮಡಿಕೆ ಆಗತಾನೇ ಮಡಚಿದಷ್ಟು ಗರಿಗರಿಯಾಗಿತ್ತು. ಓದಿ, ಇನ್ನೊಮ್ಮೆ ಓದಿ, ನಮ್ಮ ಮೂವರನ್ನೂ ನೋಡಿದರು.

“ಇದನ್ನ ಯಾರೂ ಓದಿಲ್ಲೇನ್ರಿ?”

ಅವರು ನಾಲ್ಕನೆಯ ಸಾಲನ್ನು ನನಗೆ ತೋರಿಸಿದರು. ಅದರ ಕನ್ನಡ ಹೀಗೆ: ಹೃದಯದ ನೆರಳಿನ ಹಿಂದೆ, ಬೆನ್ನೆಲುಬಿನ ಎರಡೂ ಬದಿಗೆ, ನೂಲುವ ಕದಿರಿನ ಆಕಾರದ ಉಬ್ಬು ನೆರಳು ಇದೆ, ಬೆನ್ನೆಲುಬಿನ ಚಿತ್ರವನ್ನು ಪಕ್ಕದಿಂದಲೂ ತೆಗೆಸಿ ನೋಡುವುದು ಉಚಿತ. ಮೊದಲ ಮೂರು ಸಾಲು ಪಕ್ಕೆಲುಬು, ಹೃದಯದ ಅಳತೆ ಇತ್ಯಾದಿ. ಐದು, ಆರು ಮತ್ತೆ ಅಂಥವೇ. ಏಳನೆಯದು ಪಾಂಡುರಂಗ ಚೀಟಿಗೆ ಇಳಿಸಿದ ಸಾಲು. ಏಳೂ ಸತ್ಯ. ಶ್ವಾಸಕೋಶಗಳಲ್ಲಿ ನಿಜವಾಗಿಯೂ ದೋಷವಿರಲಿಲ್ಲ.

ಅತ್ತೆಗೆ ನಾನು ಅರ್ಥ ಹೇಳಿದಾಗ ಅವರು ಕದಿರು ಎಂಬಲ್ಲಿ ತಡೆದರು. ಚಿಕ್ಕವರಿದ್ದಾಗ ನೂಲು ತೆಗೆದವರು. “ಕದರಿನಂಗ ಅಂದ್ರ ನಡುವ ದಪ್ಪ, ಎರಡೂ ಕಡೆ ಸಣ್ಣ. ನನಗ ಓದಿ ಹೇಳಿದ್ರ ನನಗಽ ತಿಳೀತಿತ್ತಲ್ಲೋ ಈರಾ,” ಎಂದು ಮಗನಿಗೆ ಹೇಳಿದರು. ನನ್ನ ಕಡೆ ತಿರುಗಿ, ಇನ್ನೊಂದು ಮಾತು. “ನನಗ ಓದಾಕ ಬರಾಂಗಿಲ್ಲ, ನಾ ಓದಲಿಲ್ಲ. ನಿನಗ ಓದಾಕ ಬಂದೂ ಓದಲಿಲ್ಲ.” ನಾನು ಕೂಟಗಳಲ್ಲಿ ಆಡಿದ ಯಾವ ಭಾಷಣವೂ ಅಷ್ಟು ನೇರವಾಗಿರಲಿಲ್ಲ.

ಪಕ್ಕದಿಂದ ಚಿತ್ರ ತೆಗೆದರು. ಬೆನ್ನೆಲುಬಿನ ಎರಡು ಮಣಿ ಸವೆದು ಒಂದಕ್ಕೊಂದು ಕುಸಿದಿದ್ದವು. ಕೀವು ನರದ ದಾರಿಯನ್ನು ಒತ್ತುತ್ತಿತ್ತು. ಬೆನ್ನೆಲುಬಿನ ಕ್ಷಯ. ಔಷಧಿಯಿಂದ ವಾಸಿಯಾಗುವ ಕಾಯಿಲೆ ಎಂದು ವೈದ್ಯರು ಖಚಿತವಾಗಿ ಹೇಳಿದರು. ಕಾಲು ಮರಳುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಅವರು ಖಚಿತ ಮಾತು ಕೊಡಲಿಲ್ಲ. “ಐದು ತಿಂಗಳ ಮೊದಲ ಬಂದಿದ್ರ ಈ ಪ್ರಶ್ನಿ ಏಳತಿರಲಿಲ್ಲ. ಈಗ ಕಾಯೂಣು,” ಎಂದರು. ಸುಳ್ಳು ಧೈರ್ಯ ಕೊಡದ ಆ ಮಾತಿಗೆ ನಾನು ಇಂದಿಗೂ ಋಣಿ. ಅದನ್ನು ನೆಚ್ಚಿಕೊಂಡು ಮಲಗಬಹುದಿತ್ತು.

ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ನನ್ನ ಮೈಯ ಅಚ್ಚು ತೆಗೆದು ಪ್ಲಾಸ್ಟರಿನ ತೊಟ್ಟಿ ಮಾಡಿದರು. ಆಸ್ಪತ್ರೆಯಲ್ಲಿ ಕೆಲವು ವಾರ, ಆಮೇಲೆ ಖಾನಾಪುರದ ನಮ್ಮ ಪಡಸಾಲೆಯಲ್ಲಿ ಅದರೊಳಗೆ ಅಂಗಾತ ಮಲಗಿದೆ. ದಿನಕ್ಕೊಂದು ಸೂಜಿ, ಹಿಡಿ ಮಾತ್ರೆ. ಪಡಸಾಲೆಯಲ್ಲೇ ಮಲಗಿದ್ದರಿಂದ ಬಂದು ಹೋಗುವವರೆಲ್ಲ ನನ್ನ ತಲೆಯ ಮೇಲಿನಿಂದ ಮಾತಾಡುತ್ತಿದ್ದರು. ನನಗೆ ಎಲ್ಲರ ಗದ್ದ, ಮೂಗಿನ ಹೊಳ್ಳೆ ಮಾತ್ರ ಕಾಣುತ್ತಿತ್ತು. ಬಾಗಿಲಲ್ಲೇ ನಿಂತು ಹೋದವರು ಇದ್ದರು. ಮಗಳನ್ನು ಕಳಿಸುವುದು ನಿಲ್ಲಿಸಿದ್ದ ಪಕ್ಕದ ಮನೆಯಾಕೆ ಮಾತ್ರ ಒಂದು ದಿನ ಒಳಗೆ ಬಂದು, ನನ್ನ ಕೂದಲನ್ನು ಬಿಡಿಸಿ, ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು ಎದೆಯ ಮೇಲೆ ಇಟ್ಟು ಹೋದಳು. ಆಮೇಲೆ ವಾರಕ್ಕೊಮ್ಮೆ ಬರುತ್ತಿದ್ದಳು. ಪಾಠ ನಿಲ್ಲಿಸಿದ ವಿಷಯವನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ.

ಎಲುಬಿನ ವೈದ್ಯರು ಅತ್ತೆಗೆ ಒಂದು ಕೆಲಸ ಒಪ್ಪಿಸಿದ್ದರು. ದಿನವೂ ಬೆಳಿಗ್ಗೆ ನಾನು ಕಣ್ಣು ಮುಚ್ಚಬೇಕು. ಅವರು ನನ್ನ ಕಾಲಿನ ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಬೇಕು. ಯಾವ ಕಡೆ ಎಂದು ನಾನು ಹೇಳಬೇಕು. ಅತ್ತೆ ಪರೀಕ್ಷೆಯ ಮೇಲ್ವಿಚಾರಕರಷ್ಟೇ ಕಟ್ಟುನಿಟ್ಟು. ಊಹಿಸಿ ಹೇಳಿದರೆ ಹಿಡಿದುಬಿಡುತ್ತಿದ್ದರು. ಮೊದಲ ವಾರಗಳಲ್ಲಿ ನನ್ನ ಉತ್ತರಗಳೆಲ್ಲ ತಪ್ಪು. ತಪ್ಪಾದ ದಿನ ಅವರು ಬೆರಳನ್ನು ಎರಡೂ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತಿದ್ದರಂತೆ. ಅದು ನನಗೆ ತಿಳಿಯುತ್ತಿರಲಿಲ್ಲ. ಈರಣ್ಣ ಆಮೇಲೆ ಹೇಳಿದರು.

ಮೂರನೆಯ ತಿಂಗಳ ಒಂದು ಬೆಳಿಗ್ಗೆ ನಾನು “ಮ್ಯಾಲ” ಎಂದೆ. ಅತ್ತೆ ಸುಮ್ಮನಿದ್ದರು. ಮತ್ತೆ “ಮ್ಯಾಲ” ಎಂದೆ. ಆಗ ಅವರು ಹೇಳಿದರು.

“ಈ ಸಲ ನಾ ಮುಟ್ಟಿಲ್ಲ ಶಾರವ್ವ. ನೀನ ಎತ್ತೀದಿ.”

ಕಣ್ಣು ತೆರೆದೆ. ಪ್ಲಾಸ್ಟರಿನೊಳಗಿದ್ದ ನನಗೆ ಕಾಲು ಕಾಣುತ್ತಿರಲಿಲ್ಲ. ಅತ್ತೆಯ ಮುಖ ಕಂಡಿತು, ಅದು ಸಾಕಾಗಿತ್ತು.

ಆ ದಿನದಿಂದ ನಾನು ರೋಗಿಯಾಗಿರುವುದನ್ನು ಬಿಟ್ಟು ತನಿಖೆಗೆ ತೊಡಗಿದೆ. ಮಲಗಿದಲ್ಲೇ ಕಾಗದ ಬರೆದೆ. ಹಲಗೆಯನ್ನು ಈರಣ್ಣ ಮೇಲೆ ಹಿಡಿಯುತ್ತಿದ್ದರು. ಮೊದಲ ಕಾಗದ ನಮ್ಮ ಖಾನಾಪುರದ ವೈದ್ಯರಿಗೆ. ಅವರು ಉತ್ತರ ಬರೆಯದೆ ತಾವೇ ಬಂದು ಮಂಚದ ಪಕ್ಕ ಕೂತರು. ತಪ್ಪಾಯಿತೆಂದು ಒಪ್ಪಿಕೊಂಡರು, ಆಮೇಲೆ ತಮ್ಮ ಕಡೆಯ ಮಾತನ್ನೂ ಹೇಳಿದರು. ಹಿಂದೊಮ್ಮೆ ಕುರಿ ಕಾಯುವ ಒಬ್ಬನ ವರದಿಯಲ್ಲಿ ‘ಹಳೆಯ ಮಾಯ್ದ ಗಾಯದ ಗುರುತು’ ಎಂದು ಇತ್ತಂತೆ. ಏನೂ ಅಪಾಯವಿಲ್ಲದ ಮಾತು. ಯಾರೋ ಅದನ್ನು ಅವನಿಗೆ ಓದಿ ಹೇಳಿದರು. ಅದು ಕ್ಷಯವೆಂದು ಹೆದರಿ ಅವನು ಒಂದು ವರ್ಷ ಹೆಂಡತಿಮಕ್ಕಳನ್ನು ಬಿಟ್ಟು ಕುರಿಹಟ್ಟಿಯಲ್ಲೇ ಒಬ್ಬನೇ ಉಂಡು ಮಲಗಿದ. “ಎಲ್ಲಾ ಬರದ್ರ ಹಿಂಗೂ ಆಗತೈತ್ರಿ ಅಕ್ಕೋರ. ಅಂದಿನಿಂದ ನಾ ಚೀಟಿ ಅಷ್ಟ ನೋಡತೀನಿ, ಉಳಿದದ್ದು ಬಿಚ್ಚಾಂಗಿಲ್ಲ,” ಎಂದರು. ಆ ಕುರಿಗಾರನ ನೋವು ನಿಜ. ಆದರೆ ಅವನನ್ನು ಹಟ್ಟಿಗೆ ಅಟ್ಟಿದ್ದು ವರದಿಯ ಸಾಲಲ್ಲ. ಆ ಸಾಲನ್ನು ಬಿಡಿಸಿ ಹೇಳಲು ಯಾರೂ ಅವನ ಎದುರು ಐದು ನಿಮಿಷ ಕೂತಿರಲಿಲ್ಲ. ಹಾಗೆಂದು ನಾನು ಅವರಿಗೇ ಹೇಳಿದೆ. ಅವರು ತಲೆ ತಗ್ಗಿಸಿ ಒಪ್ಪಿದರು.

ಎದ್ದು ಕೂರುವಂತಾಗಿ, ಉಕ್ಕಿನ ಪಟ್ಟಿಯ ಕವಚ ಕಟ್ಟಿಕೊಂಡು ಕೋಲೂರಿ ನಡೆಯುವಂತಾದ ಮೇಲೆ, ನಾನು ಮೊದಲು ಹೋದದ್ದು ಬೆಳಗಾವಿಯ ಆ ಕ್ಷ-ಕಿರಣ ಕೇಂದ್ರಕ್ಕೆ. ‘ದೊಡ್ಡ ಸಾಹೇಬರು’ ಕತ್ತಲೆಯ ಕೋಣೆಯಲ್ಲಿ ಮೂವತ್ತು ವರ್ಷ ಕಳೆದ ಹಿರಿಯರು. ಬೆಳಕಿಗೆ ಬಂದರೆ ಕಣ್ಣು ಕಿರಿದು ಮಾಡುತ್ತಿದ್ದರು. ನನ್ನ ಹೆಸರು ಕೇಳಿದೊಡನೆ ಹಳೆಯ ಪ್ರತಿ ತರಿಸಿದರು. ಅವರು ಕೋಪಗೊಳ್ಳಬಹುದೆಂದು ಸಿದ್ಧಳಾಗಿ ಹೋಗಿದ್ದೆ.

“ನಾ ಕಂಡದ್ದು ಎಲ್ಲಾ ಬರದೀನಿ, ನಂದೇನು ತಪ್ಪಿಲ್ಲ ಅಂತ ಇಷ್ಟ ದಿನಾ ಅನಕೊಂಡಿದ್ದೆ,” ಎಂದರು. “ಈಗ ಓದಿದ್ರ ನಾಚಿಕಿ ಬರತೈತಿ. ಈ ನಾಲ್ಕನೇ ಸಾಲು ಒಂದಽ ಖರೇ ಸುದ್ದಿ. ಅದನ್ನ ನಡುವ ಮುಚ್ಚಿಟ್ಟಂಗ ಬರದೀನಿ. ಚೀಟ್ಯಾಗ ‘ಎದಿ’ ಅಂತ ಒಂದಽ ಮಾತಿತ್ತು. ಬೆನ್ನ ಬ್ಯಾನಿ, ಜ್ವರಾ ಅಂತ ಬರದಿದ್ರ ಇದನ್ನ ಮೊದಲಿಗೆ ಬರದು, ಫೋನ್ ಮಾಡತಿದ್ದೆ.”

ಗುಲಾಬಿ ಚೀಟಿಯ ವಿಷಯ ಅವರಿಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು. ದೂರುಗಳು ನಿಂತವೆಂದು ಸುಮ್ಮನಿದ್ದರು. ಪಾಂಡುರಂಗ ಬಾಗಿಲ ಬಳಿ ನಿಂತಿದ್ದ. ಅವನು ಯಾವ ಕೇಡನ್ನೂ ಬಯಸಿದವನಲ್ಲ. ವೈದ್ಯರು ಬೈದರು, ಅವನು ದಾರಿ ಹುಡುಕಿದ, ನಾನು ಹೊಗಳಿದೆ. ಅವನು ಎಷ್ಟು ಜನರ ನಾಲ್ಕನೆಯ ಸಾಲುಗಳನ್ನು ಹೀಗೆ ಕವರಿನೊಳಗೆ ಉಳಿಸಿ ಕಳಿಸಿದ್ದನೋ. ಆ ಪ್ರಶ್ನೆ ಅವನ ಮುಖದಲ್ಲಿಯೇ ಇತ್ತು. ನಾನು ಹೊರಡುವಾಗ ಅವನು ಕೋಲನ್ನು ನನ್ನ ಕೈಗಿತ್ತು, ರಸ್ತೆ ದಾಟಿಸಿ ಬಿಟ್ಟ.

ಸಾಹೇಬರ ಒತ್ತಾಸೆಯಿಂದಲೇ, ಬೆಳಗಾವಿಯ ವೈದ್ಯರು ತಿಂಗಳಿಗೊಮ್ಮೆ ಸೇರುವ ಸಭೆಯಲ್ಲಿ ನನಗೆ ಹತ್ತು ನಿಮಿಷ ಸಿಕ್ಕಿತು. ಕುರ್ಚಿ ಕೊಟ್ಟರು, ನಾನು ನಿಂತೇ ಮಾತಾಡುತ್ತೇನೆಂದೆ. ನಿಲ್ಲಬಲ್ಲೆನೇ ಎಂಬುದು ನನಗೂ ಖಚಿತವಿರಲಿಲ್ಲ, ಆದರೆ ನಾನು ಕೇಳಲು ಬಂದದ್ದು ನಿಂತು ಕೇಳಬೇಕಾದ ಮಾತು. ಚಿತ್ರ ತೆಗೆಸಲು ಕಳಿಸುವವರು ಏಕೆ ಕಳಿಸುತ್ತಿದ್ದೇವೆಂದು ಬರೆಯಬೇಕು. ಅದನ್ನು ನೋಡಿ ವರದಿ ಬರೆಯುವವರು ಮುಖ್ಯವಾದದ್ದನ್ನು ಮೊದಲು ಬರೆಯಬೇಕು. ವರದಿಯನ್ನು ರೋಗಿಗೆ, ಅವಳ ಮಾತಿನಲ್ಲಿ, ಬಿಡಿಸಿ ಹೇಳಬೇಕು. ಅವಳ ಮೈಯ ಸುದ್ದಿಯನ್ನು ಅವಳೇ ಹೊತ್ತು ತಂದು ಅವಳಿಗೇ ಗೊತ್ತಿಲ್ಲದಂತೆ ಇಡುವುದು ಅನ್ಯಾಯ.

ಹಿಂದಿನ ಸಾಲಿನ ಒಬ್ಬ ಹಿರಿಯರು ನಗುತ್ತಲೇ ಎದ್ದರು. “ಬಾಯಾರ, ದಿನಾ ನಮ್ಮ ಟೇಬಲ್ ಮ್ಯಾಲ ಎಷ್ಟ ರಿಪೋರ್ಟ್ ಬೀಳತಾವ ನಿಮಗೇನ ಗೊತ್ತು? ಎಲ್ಲಾರೂ ಕಾದಂಬರಿ ಬರದು ಕಳಿಸಿದ್ರ ನಾವು ಪೇಶಂಟ್ ನೋಡೂದು ಯಾವಾಗ?”

ಸಭೆ ನಕ್ಕಿತು. ನಾನೂ ನಕ್ಕೆ, ಏಕೆಂದರೆ ಅವರ ಮಾತಿನಲ್ಲಿ ಅರ್ಧ ನ್ಯಾಯವಿತ್ತು. ಆಮೇಲೆ ಹೇಳಿದೆ: “ಏಳು ಸಾಲು ಕಾದಂಬರಿ ಅಲ್ರಿ ಡಾಕ್ಟರ. ನಮ್ಮ ಮೂರನೇ ಕ್ಲಾಸಿನ ಹುಡುಗ್ಯಾರು ಏಳು ಸಾಲು ಓದತಾರ. ನೀವು ಬೇಕಂದ್ರ ಎರಡಽ ಸಾಲು ಕೇಳ್ರಿ. ಆದ್ರ ಎರಡು ಸಾಲು ಬೇಕಂದವರು ಪ್ರಶ್ನಿ ಪೂರ್ತಿ ಕೇಳಬೇಕು.”

ನಗು ನಿಂತಿತು. ಎಲ್ಲರೂ ಒಪ್ಪಿದರೆಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಚಹಾ ಬಂತೆಂದು ಎದ್ದರು. ಆದರೆ ದೊಡ್ಡ ಸಾಹೇಬರು ಮರುದಿನವೇ ಗುಲಾಬಿ ಚೀಟಿ ನಿಲ್ಲಿಸಿದರು, ಕಾರಣ ಬರೆಯದ ಚೀಟಿಗಳನ್ನು ಪಾಂಡುರಂಗ ಮರಳಿ ಕಳಿಸತೊಡಗಿದ. ಮೊದಮೊದಲು ಅವನಿಗೆ ಮತ್ತೆ ಬೈಗುಳ ಬಂದವು. ಈ ಸಲ ಅವನು ದಾರಿ ಹುಡುಕಲಿಲ್ಲ.

ಎಂಬತ್ತರ ದಶಕ ಹುಟ್ಟಿ ಒಂದೆರಡು ವರ್ಷವಾಗಿತ್ತು. ಔಷಧಿ ಮುಗಿದು, ಕವಚ ಬಿಚ್ಚಿ, ಕೋಲು ಅಟ್ಟ ಸೇರಿತ್ತು. ಕೊನೆಯ ತಪಾಸಣೆಯ ಚಿತ್ರಕ್ಕೆ ಖಾನಾಪುರದ ವೈದ್ಯರು ಚೀಟಿ ಬರೆದರು. ನನ್ನ ಕಾಯಿಲೆ, ಪಡೆದ ಔಷಧಿ, ಕಾಲಿನ ಈಗಿನ ಸ್ಥಿತಿ, ಹಳೆಯ ಚಿತ್ರದೊಂದಿಗೆ ಹೋಲಿಸಬೇಕೆಂಬ ಕೋರಿಕೆ, ಹೊಸ ಕೀವು ಇದೆಯೇ ಎಂಬ ಪ್ರಶ್ನೆ: ಐದು ತುಂಬು ಸಾಲು. ಬರೆದು ಮುಗಿಸಿ, ನನ್ನ ಕೈಗೆ ಕೊಡುವ ಮೊದಲು ನನಗೇ ಓದಿ ಹೇಳಿದರು.

ಬೆಳಗಾವಿಯ ಕೆಲಸ ಮುಗಿಸಿ ಖಾನಾಪುರಕ್ಕೆ ಬಂದಿಳಿದಾಗ ಸಂಜೆ. ಅತ್ತೆ ಕಾಯಲಾರದೆ ನಿಲ್ದಾಣಕ್ಕೇ ಬಂದಿದ್ದರು. ಪ್ಲಾಟಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ರೈಲಿನಲ್ಲೇ ಎರಡು ಸಲ ಓದಿದ್ದ ವರದಿಯನ್ನು ತೆಗೆದೆ.

“ಪೂರಾ ಓದು. ನಾಲ್ಕನೇ ಸಾಲ ಬಿಡಬ್ಯಾಡ,” ಎಂದರು ಅತ್ತೆ.

ನಾಲ್ಕನೆಯ ಸಾಲು ಇರಲಿಲ್ಲ. ಇದ್ದದ್ದು ಎರಡೇ. ಹಳೆಯ ಚಿತ್ರದೊಂದಿಗೆ ಹೋಲಿಸಿದರೆ ಕದಿರಿನ ನೆರಳು ಪೂರ್ತಿ ಕರಗಿದೆ, ಸವೆದ ಎರಡು ಮಣಿಗಳು ಕೂಡಿ ಗಟ್ಟಿಯಾಗಿವೆ. ಹೊಸ ದೋಷ ಇಲ್ಲ, ಈಕೆ ನಡೆಯಬಹುದು.

ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಖಾಲಿ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಕವರಿನೊಳಗೂ ಇಣುಕಿದರು.

“ಇಷ್ಟಽ ಏನು?”

“ಇಷ್ಟಽ ರೀ ಅತ್ತಿ. ಕೇಳಿದ್ದಕ್ಕೆಲ್ಲಾ ಉತ್ತರಾ ಬಂದೈತಿ.”

ಅವರು ಕಾಗದವನ್ನು ಮಡಚಿ ತಮ್ಮ ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹಾಸಿಗೆಯ ಕೆಳಗೆ ಇನ್ನು ಏನನ್ನೂ ಇಡುವುದು ಬೇಡವೆಂದರು. ನಾವು ಎದ್ದೆವು. ಸೊಪ್ಪು ಮಾರುವಾಕೆ ಅದೇ ಜಾಗದಲ್ಲಿ ಕೂತಿದ್ದಳು. ನನ್ನ ಕಾಲ ಕಡೆ ನೋಡಿ, ತಲೆ ಆಡಿಸಿದಳು. ಜಲ್ಲಿಯ ದಾರಿಯಲ್ಲಿ ಒಂದು ಚೂಪು ಕಲ್ಲು ಎಡ ಚಪ್ಪಲಿಯ ತೆಳುವಾದ ಅಟ್ಟೆಯನ್ನು ದಾಟಿ ಅಂಗಾಲಿಗೆ ಚುಚ್ಚಿತು. ನಾನು ನಿಂತೆ. ಏನಾಯಿತೆಂದು ಅತ್ತೆ ಗಾಬರಿಯಿಂದ ತಿರುಗಿದರು. ಕಲ್ಲು ಚುಚ್ಚಿತು ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಮುಂದೆ ನಡೆದರು. ನಾನು ಆ ನೋವನ್ನು ಮನೆಯ ಬಾಗಿಲವರೆಗೂ ಜೋಪಾನವಾಗಿ ಒಯ್ದೆ.